ಚೌಕದಲ್ಲಿ ಬರೆದದ್ದು ಎಲ್ಲಿಗೆ ಹೋಗುತ್ತದೆ?

ಜಾಲತಾಣದಲ್ಲಿ ಅರ್ಜಿ ತುಂಬಿ 'ಸಲ್ಲಿಸಿ' ಒತ್ತಿದೊಡನೆ ಬ್ರೌಸರ್ ಸರ್ವರ್‌ಗೆ ಕಳಿಸುವುದು ಬರೀ ಅಕ್ಷರಗಳನ್ನು: ಏಜ್=25, ಅಡ್ರೆಸ್.ಪಿನ್‌ಕೋಡ್=577201. ಇಲ್ಲಿ 25 ಇನ್ನೂ ಸಂಖ್ಯೆಯಲ್ಲ, ಅಕ್ಕಪಕ್ಕ ಕೂತ ಎರಡು ಅಕ್ಷರ ಅಷ್ಟೇ. ಅತ್ತ ಸರ್ವರ್‌ನಲ್ಲಿರುವ ಜಾವಾ ಪ್ರೋಗ್ರಾಂಗೆ ವಯಸ್ಸು ಸಂಖ್ಯೆಯಾಗಿಯೇ ಬೇಕು, ವಿಳಾಸವೆಂಬ ಆಬ್ಜೆಕ್ಟ್‌ನೊಳಗೆ ಪಿನ್‌ಕೋಡ್ ಕೂತಿರಬೇಕು. ಈ ಎರಡನ್ನೂ ಜೋಡಿಸುವ ಕೆಲಸದ ಹೆಸರು ಡೇಟಾ ಬೈಂಡಿಂಗ್.

ಮೊದಲೆಲ್ಲ ಇದನ್ನು ಕೈಯಾರೆ ಮಾಡಬೇಕಿತ್ತು. ಪ್ರತಿ ಚೌಕಕ್ಕೂ ಅಕ್ಷರ ತೆಗೆದುಕೊಳ್ಳಲು ಒಂದು ಸಾಲು, ಸಂಖ್ಯೆಯಾಗಿಸಲು ಇನ್ನೊಂದು, ಸರಿಯಿದೆಯೇ ನೋಡಲು ಮತ್ತೊಂದು, ಆಬ್ಜೆಕ್ಟ್‌ಗೆ ಸೇರಿಸಲು ಮಗದೊಂದು. ನಲವತ್ತು ಚೌಕಗಳ ಅರ್ಜಿಯಾದರೆ ಬರೆಯುವವರ ಪಾಡು ಹೇಳುವುದೇ ಬೇಡ. 2004ರಲ್ಲಿ ಮೊದಲ ಆವೃತ್ತಿ ಕಂಡ ಸ್ಪ್ರಿಂಗ್ ಮತ್ತು ಜಾವಾಸರ್ವರ್ ಫೇಸಸ್ ಎಂಬ ಜಾವಾ ಫ್ರೇಮ್‌ವರ್ಕ್‌ಗಳೆರಡೂ ಈ ದುಡಿಮೆಯನ್ನು ತಾವೇ ವಹಿಸಿಕೊಂಡವು.

ಇದರ ಗುಟ್ಟು ಹೆಸರಿಡುವ ಒಂದು ರೂಢಿಯಲ್ಲಿದೆ. 1997ರ ಜಾವಾಬೀನ್ಸ್ ನಿಯಮದಂತೆ 'ಏಜ್' ಎಂಬ ಗುಣವಿದ್ದರೆ ಅದನ್ನು ಓದುವ ಮೆಥಡ್ 'ಗೆಟ್ಏಜ್', ಬದಲಿಸುವುದು 'ಸೆಟ್ಏಜ್'. ಜಾವಾದಲ್ಲಿ ಪ್ರೋಗ್ರಾಂ ಓಡುತ್ತಿರುವಾಗಲೇ ಒಂದು ಆಬ್ಜೆಕ್ಟ್‌ನ ಮೆಥಡ್‌ಗಳನ್ನು ಹೆಸರು ಹಿಡಿದು ಹುಡುಕಿ ಕರೆಯಬಹುದು. ಇದು ರಿಫ್ಲೆಕ್ಷನ್. 'ಏಜ್' ಎಂಬ ಚೌಕ ಬಂದರೆ ಬೈಂಡಿಂಗ್ ಮಾಡುವ ಭಾಗವಾದ ಬೈಂಡರ್ 'ಸೆಟ್ಏಜ್' ಹುಡುಕುತ್ತದೆ. ನಡುವೆ ಚುಕ್ಕಿಯಿದ್ದರೆ ಒಂದು ಮೆಟ್ಟಿಲು ಒಳಗಿಳಿಯುತ್ತದೆ: 'ಗೆಟ್ಅಡ್ರೆಸ್' ಕರೆದು, ಸಿಕ್ಕ ಆಬ್ಜೆಕ್ಟ್‌ನ ಮೇಲೆ 'ಸೆಟ್ಪಿನ್‌ಕೋಡ್' ಕರೆಯುತ್ತದೆ.

ಅಕ್ಷರವನ್ನು ಸಂಖ್ಯೆಯಾಗಿಸುವಲ್ಲಿ ಕನ್ನಡಿಗರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಸಾದಾ ಪಠ್ಯದ ಚೌಕದಲ್ಲಿ ಯಾರಾದರೂ '೨೫' ಎಂದು ಬರೆದರೂ ಜಾವಾ ಅದನ್ನು 25 ಎಂದೇ ಓದುತ್ತದೆ, ಏಕೆಂದರೆ ಅದರ ಪೂರ್ಣಾಂಕ ಓದುವ ಮೆಥಡ್ ಕನ್ನಡದಂಥ ಯೂನಿಕೋಡ್ ಅಂಕಿಗಳನ್ನೂ ಒಪ್ಪುತ್ತದೆ. 'ಇಪ್ಪತ್ತೈದು' ಎಂದು ಬರೆದರೆ ಮಾತ್ರ ಸೋಲುತ್ತದೆ.

ಸೋತಾಗ ಏನಾಗಬೇಕು? ಜಾವಾಸರ್ವರ್ ಫೇಸಸ್ ಪ್ರತಿ ಸಲ್ಲಿಕೆಗೂ ಆರು ಹಂತಗಳನ್ನು ಗೊತ್ತುಮಾಡಿದೆ. ಪುಟದ ರಚನೆಯನ್ನು ಮತ್ತೆ ಕಟ್ಟುವುದು, ಪ್ರತಿ ಚೌಕವೂ ತನ್ನ ಅಕ್ಷರಗಳನ್ನು ಎತ್ತಿಕೊಳ್ಳುವುದು, ಪರಿವರ್ತಿಸಿ ಪರೀಕ್ಷಿಸುವುದು, ಮಾಡೆಲ್‌ಗೆ, ಅಂದರೆ ಪ್ರೋಗ್ರಾಂನ ಆಬ್ಜೆಕ್ಟ್‌ಗೆ ಬರೆಯುವುದು, ಅಸಲಿ ಕೆಲಸ ನಡೆಸುವುದು, ಪುಟ ತೋರಿಸುವುದು. ಮೂರನೆಯ ಹಂತದಲ್ಲಿ ಒಂದೇ ಒಂದು ಚೌಕ ತಪ್ಪಿದರೂ ನೇರ ಆರಕ್ಕೆ ಹಾರುತ್ತದೆ. ಮಾಡೆಲ್‌ನ ಒಂದು ಅಂಕಿಯೂ ಕದಲುವುದಿಲ್ಲ. ಆದರೂ ಪುಟ ಮರಳಿದಾಗ ನಾವು ಬರೆದ 'ಇಪ್ಪತ್ತೈದು' ಚೌಕದಲ್ಲಿ ಹಾಗೇ ಇರುತ್ತದೆ. ಸಂಖ್ಯೆಯ ಜಾಗದಲ್ಲಿ ಆ ಪದವನ್ನು ಇಡಲಾಗದು, ಹಾಗಾಗಿ ಅದನ್ನು ಕಾಪಾಡಿಕೊಂಡದ್ದು ತೆರೆಯ ಮೇಲಿನ ಚೌಕದ ಸರ್ವರ್ ಪ್ರತಿರೂಪ.

ಹೆಸರು ಸಿಕ್ಕರೆ ಸಾಕು, ಒಳಗಿಳಿಯುತ್ತೇನೆ ಎನ್ನುವ ಈ ಗುಣವೇ ಬೈಂಡಿಂಗ್‌ನ ಶಕ್ತಿ. ಅಪಾಯವೂ ಅಲ್ಲಿಯೇ. ಜಾವಾದ ಪ್ರತಿ ಆಬ್ಜೆಕ್ಟ್‌ಗೂ 'ಗೆಟ್ಕ್ಲಾಸ್' ಎಂಬ ಮೆಥಡ್ ಹುಟ್ಟಿನಿಂದಲೇ ಇದೆ. ಅಂದರೆ ಅರ್ಜಿಯಲ್ಲಿ 'ಕ್ಲಾಸ್' ಎಂಬ ಚೌಕ ಇಲ್ಲದಿದ್ದರೂ, ಆ ಹೆಸರಿನಲ್ಲಿ ಏನನ್ನಾದರೂ ಕಳಿಸಿದರೆ ಬೈಂಡರ್ ಅತ್ತ ಹೊರಡುತ್ತದೆ. ಅಲ್ಲಿಂದ, ಕ್ಲಾಸ್‌ಗಳನ್ನು ಮೆಮೊರಿಗೆ ತರುವ 'ಕ್ಲಾಸ್‌ಲೋಡರ್'ಗೆ ಇಳಿಯುವ ದಾರಿಯನ್ನು ಸ್ಪ್ರಿಂಗ್ 2010ರಲ್ಲೇ ಮುಚ್ಚಿತ್ತು. 2017ರಲ್ಲಿ ಜಾವಾ 9 ಬಂದು ಪ್ರತಿ ಕ್ಲಾಸ್‌ಗೂ ಒಂದು 'ಮಾಡ್ಯೂಲ್' ಕೊಟ್ಟಿತು, ಮಾಡ್ಯೂಲ್‌ನಿಂದ ಕ್ಲಾಸ್‌ಲೋಡರ್‌ಗೆ ದಾರಿಯಿತ್ತು. ಮುಂಬಾಗಿಲಿಗೆ ಬೀಗ ಹಾಕಿದ ಮನೆಗೆ ಬೇರೆಯವರು ಹಿತ್ತಲ ಬಾಗಿಲು ಇಟ್ಟುಹೋದಂತಾಯಿತು.

2022ರ ಮಾರ್ಚ್ ಕೊನೆಯಲ್ಲಿ ಬಯಲಾದ 'ಸ್ಪ್ರಿಂಗ್‌ಫೋರ್‌ಶೆಲ್' ದೋಷ ಇದೇ. ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಒಂದು ನಿರ್ದಿಷ್ಟ ರೀತಿಯಲ್ಲಿ ಅಳವಡಿಸಿದ ತಾಣವಾದರೆ, ದಾಳಿಕೋರ ಈ ದಾರಿಯಲ್ಲಿ ಅದರ ಲಾಗ್ ಬರೆಯುವ ಭಾಗದವರೆಗೂ ತಲುಪಬಲ್ಲವನಾಗಿದ್ದ. ಲಾಗ್ ಕಡತದ ಜಾಗ, ವಿಸ್ತರಣೆ, ಅದರಲ್ಲಿ ಬರೆಯುವ ಮಾದರಿ ಮೂರನ್ನೂ ಬದಲಿಸಿದರೆ ಆಯಿತು: ದಿನಚರಿ ಬರೆಯಬೇಕಿದ್ದ ಸರ್ವರ್, ದಾಳಿಕೋರನ ಪ್ರೋಗ್ರಾಮನ್ನೇ ಬರೆದು ಬಡಿಸುತ್ತಿತ್ತು. ದೋಷದ ತೀವ್ರತೆಗೆ ಸಿಕ್ಕ ಅಂಕ 10ಕ್ಕೆ 9.8. ಮಾರ್ಚ್ 31ರಂದು ಬಂದ 5.3.18 ಮತ್ತು 5.2.20 ಆವೃತ್ತಿಗಳು ಆ ದಾರಿಯನ್ನು ಮುಚ್ಚಿದವು.

ಇಷ್ಟು ದೊಡ್ಡ ಕನ್ನ ಅಪರೂಪ, ಚಿಕ್ಕದು ಸಾಮಾನ್ಯ. ಬಳಕೆದಾರರ ಆಬ್ಜೆಕ್ಟ್‌ನಲ್ಲಿ 'ಅಡ್ಮಿನ್' ಎಂಬ ಗುಣವಿದ್ದು, ಅದನ್ನೇ ನೇರ ಅರ್ಜಿಗೆ ಜೋಡಿಸಿದ್ದರೆ, ಪುಟದಲ್ಲಿ ಆ ಚೌಕವಿಲ್ಲದಿದ್ದರೂ ಯಾರಾದರೂ ತಾವೇ 'ಅಡ್ಮಿನ್=ಟ್ರೂ' ಎಂದು ಸೇರಿಸಿ ಕಳಿಸಬಹುದು. ಬೇಡದ ಹೆಸರುಗಳನ್ನು ಪಟ್ಟಿ ಮಾಡಿ ತಡೆಯುತ್ತ ಕೂತರೆ ಜಾವಾ 9ರಂತೆ ನಾಳೆ ಇನ್ನೊಂದು ಹೆಸರು ಹುಟ್ಟಿಕೊಳ್ಳುತ್ತದೆ. ಬೇಕಾದವನ್ನಷ್ಟೇ ಹೆಸರಿಸಿ ಒಳಬಿಡುವ ಸೌಲಭ್ಯ ಸ್ಪ್ರಿಂಗ್‌ನಲ್ಲೇ ಇದೆ. ಅದಿಲ್ಲವಾದರೆ, ಪುಟದಲ್ಲಿ ಕಾಣುವ ಚೌಕಗಳಷ್ಟೇ ಇರುವ ಚಿಕ್ಕ ಆಬ್ಜೆಕ್ಟ್ ಒಂದನ್ನು ಅರ್ಜಿಗೆಂದೇ ಬರೆದುಕೊಳ್ಳಬಹುದು. ನಾಲ್ಕು ಸಾಲು ಹೆಚ್ಚು ಬರೆಯಬೇಕಾದೀತು, ಆದರೆ ಯಾವ ಹೆಸರು ಒಳಗೆ ಬರಬೇಕೆಂಬ ತೀರ್ಮಾನ ಪ್ರೋಗ್ರಾಂ ಬರೆದವರ ಕೈಯಲ್ಲೇ ಉಳಿಯುತ್ತದೆ.