ವನ್ಯಜೀವಿ ರಕ್ಷಣೆಯಲ್ಲಿ ಯೋಜನೆಯ ಸ್ಥಾನ: ಎರೆಭೂತದ ಉದಾಹರಣೆ

ಪಾಠಟಿಪ್ಪಣಿಯ ಮಹತ್ವವನ್ನು ಶಿಕ್ಷಕ ಬಂಧುಗಳಿಗೆ ನಾವು ಹೇಳಬೇಕಾದುದಿಲ್ಲ. ಉದ್ದೇಶ, ಪೂರ್ವಜ್ಞಾನ, ನಿರೂಪಣೆ, ಮೌಲ್ಯಮಾಪನ ಎಂದು ಗೆರೆ ಹಾಕಿ ಬರೆದು ಒಪ್ಪಿಸಿದವರೇ ನಾವೆಲ್ಲರೂ. ಪಾಠ ಕೆಟ್ಟರೆ ಮರುದಿನ ಮತ್ತೆ ಮಾಡಬಹುದು. ಒಂದು ಜೀವಿಯ ಕುಲವನ್ನು ಉಳಿಸಹೊರಟವರ ಟಿಪ್ಪಣಿ ಕೆಟ್ಟರೆ ಅದಕ್ಕೆ ಮರುದಿನವೆಂಬುದು ಇರುವುದಿಲ್ಲ. ಅಂಥ ಯೋಜನೆಯನ್ನು ಹೇಗೆ ರಚಿಸತಕ್ಕದ್ದೆಂಬುದನ್ನು, ನಮ್ಮ ಗಡಿಸೀಮೆಯದೇ ಆದ ಒಂದು ಹಕ್ಕಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲೆತ್ನಿಸಿದ್ದೇವೆ.

ಕನ್ನಡದಲ್ಲಿ ಎರೆಭೂತವೆಂದೂ ದೊರೆವಾಯನ ಹಕ್ಕಿಯೆಂದೂ ಕರೆಯುವ ಈ ಪಕ್ಷಿಗೆ ಮರಾಠಿಯಲ್ಲಿ ಮಾಳಢೋಕ, ತೆಲುಗಿನಲ್ಲಿ ಬಟ್ಟಮೇಕ, ರಾಜಸ್ಥಾನದಲ್ಲಿ ಗೋಡಾವಣ ಎಂಬ ಹೆಸರುಗಳುಂಟು. ಗಂಡು ಹಕ್ಕಿ 15 ಕಿಲೋದಷ್ಟು ತೂಗಬಲ್ಲದು. ಇದು ಮರದ ಮೇಲೆ ಕೂಡುವ ಹಕ್ಕಿಯಲ್ಲ. ಬಯಲು ಹುಲ್ಲುಮಾಳ, ಬೀಳುಭೂಮಿ, ಜೋಳದ ಹೊಲಗಳೇ ಇದರ ನೆಲೆ. ಮಿಡತೆ, ಹಲ್ಲಿಜಾತಿಯ ಜೀವಿಗಳು, ಕಾಳು, ಬಾರೆಹಣ್ಣು ಇದರ ಆಹಾರ. ಹೆಣ್ಣು ಗೂಡು ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಆ ಒಂದು ಮೊಟ್ಟೆ ದನದ ಕಾಲ್ತುಳಿತಕ್ಕೋ ನಾಯಿಯ ಬಾಯಿಗೋ ಸಿಕ್ಕರೆ ಆ ಋತುವಿನ ಸಂತಾನ ಮುಗಿದಂತೆ. 2011ರಲ್ಲಿ ಇದನ್ನು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಈಗ ದೇಶದಲ್ಲಿ ಉಳಿದಿರುವುವು ಸುಮಾರು 150 ಮಾತ್ರ. ಅವುಗಳಲ್ಲಿ ಬಹುತೇಕ ಜೈಸಲ್ಮೇರದ ಮರುಭೂಮಿಯಲ್ಲಿವೆ. ಸೊಲ್ಲಾಪುರದ ಬಳಿಯ ನಾನ್ನಜ, ಬಳ್ಳಾರಿಯ ಸಿರುಗುಪ್ಪ, ಆಂಧ್ರದ ರೊಳ್ಳಪಾಡು—ಇವು ಒಂದು ಕಾಲಕ್ಕೆ ದಕ್ಷಿಣದಲ್ಲಿ ಇದರ ಮುಖ್ಯ ನೆಲೆಗಳಾಗಿದ್ದವು. ಇಂದು ಈ ಸೀಮೆಯಲ್ಲಿ ಇದರ ಗಣತಿಗೆ ಕೈಬೆರಳು ಸಾಕು.

ಹಾಗಾದರೆ ರಕ್ಷಣೆಯ ಪ್ರಯತ್ನವೇ ನಡೆಯಲಿಲ್ಲವೆ? ನಡೆಯಿತು, ಅಲ್ಪವಾಗಿಯೂ ಅಲ್ಲ. 1979ರಲ್ಲಿ ಸೊಲ್ಲಾಪುರ ಹಾಗೂ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಗಳಲ್ಲಿ ಮಾಳಢೋಕ ಅಭಯಾರಣ್ಯವೆಂದು ಘೋಷಿಸಿದ ಪ್ರದೇಶ 8,496 ಚದರ ಕಿಲೋಮೀಟರು. ಇಡೀ ಸೊಲ್ಲಾಪುರ ಜಿಲ್ಲೆಯೇ 15,000 ಚ. ಕಿ. ಮೀ.ಗೆ ತುಸು ಕಡಿಮೆಯೆಂಬುದನ್ನು ನೆನೆದರೆ ಈ ಗೆರೆಯ ವಿಸ್ತಾರ ತಿಳಿದೀತು. ಅದರೊಳಗೆ ಊರುಗಳಿದ್ದವು, ಪೇಟೆಗಳಿದ್ದವು, ರೈತರ ಸ್ವಂತ ಹೊಲಗಳಿದ್ದವು. ಭೂಮಿಯನ್ನು ಮಾರುವುದಕ್ಕೆ ಅಡ್ಡಿ, ಕಟ್ಟಡಕ್ಕೆ ಅಡ್ಡಿ. ಹಕ್ಕಿಯನ್ನು ಒಮ್ಮೆಯೂ ಕಾಣದ ರೈತನಿಗೂ ಅದು ವೈರಿಯಾಯಿತು. 2010ರ ಅನಂತರದ ವರ್ಷಗಳಲ್ಲಿ ಗೆರೆಯನ್ನು 1,222 ಚ. ಕಿ. ಮೀ.ಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯೂ ಇಳಿದಿತ್ತು.

ಇತ್ತ ಆ ಗೆರೆಯೊಳಗೆ ಏನು ನಡೆಯಿತು? 1980ರಲ್ಲಿ ಭೀಮಾನದಿಗೆ ಉಜನಿ ಅಣೆಕಟ್ಟು ಪೂರ್ಣಗೊಂಡಿತು. ಜೋಳ, ತೊಗರಿ ಬೆಳೆಯುತ್ತಿದ್ದಲ್ಲಿ ಕಬ್ಬು ಬಂತು, ದ್ರಾಕ್ಷಿ ಬಂತು. ಇದಕ್ಕಾಗಿ ರೈತನನ್ನು ದೂರುವುದು ನಮಗೆ ಒಪ್ಪಿಗೆಯಲ್ಲ; ಬರದ ಸೀಮೆಯವನಿಗೆ ನೀರಿಗಿಂತ ದೊಡ್ಡ ಭಾಗ್ಯವುಂಟೆ? ಆದರೆ ಆಳೆತ್ತರದ ಕಬ್ಬಿನಲ್ಲಿ ಎರೆಭೂತ ನಡೆಯಲಾರದು, ವೈರಿಯನ್ನು ದೂರದಿಂದ ಕಾಣಲಾರದು. ನಕ್ಷೆಯ ಮೇಲೆ ಗೆರೆ ಎಳೆದವರು ಹಕ್ಕಿ ಏಕೆ ಕಡಿಮೆಯಾಗುತ್ತಿದೆಯೆಂಬ ಕಾರಣಗಳ ಗೆರೆಯನ್ನು ಮೊದಲು ಎಳೆಯಲಿಲ್ಲ. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಇಂಥದೇ ಅಭಯಾರಣ್ಯವಾಯಿತು. ಅಲ್ಲಿ ಕೃಷ್ಣಮೃಗಗಳು ಹೆಚ್ಚಿ ಪೈರು ತಿಂದವು, ಜನ ಮುನಿದರು, 1990ರ ದಶಕದಲ್ಲಿ ಎರೆಭೂತ ಅಲ್ಲಿಂದ ಮಾಯವಾಯಿತು.

ಅನ್ಯರ ತಪ್ಪನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾವು ಸಹಶಿಕ್ಷಕರಾಗಿದ್ದಾಗ ವನಮಹೋತ್ಸವದ ಅಂಗವಾಗಿ ಊರಿನ ಗಾಯರಾಣದಲ್ಲಿ ಮಕ್ಕಳಿಂದ ನೂರಾರು ಗೊಬ್ಬರದ ಗಿಡ, ಬೇವಿನ ಸಸಿಗಳನ್ನು ನೆಡಿಸಿದೆವು. ‘ಪಾಳುಬಿದ್ದ ಮಾಳವನ್ನು ಹಸಿರುಗೊಳಿಸಿದಿರಿ’ ಎಂದು ಹಿರಿಯರು ಬೆನ್ನು ತಟ್ಟಿದರು. ಹುಲ್ಲುಮಾಳವು ಪಾಳುಭೂಮಿಯಲ್ಲ, ಅದೇ ಒಂದು ಸಂಪೂರ್ಣ ಜೀವಲೋಕ, ಅಲ್ಲಿ ಮರ ನೆಟ್ಟರೆ ಬಯಲಿನ ಹಕ್ಕಿಗೆ ನೆಲೆ ತಪ್ಪುತ್ತದೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ನಮ್ಮ ಪಾಠದಲ್ಲಿ ಉದ್ದೇಶವಿತ್ತು, ಪೂರ್ವಜ್ಞಾನವಿರಲಿಲ್ಲ.

ಇಂಥ ತಪ್ಪುಗಳನ್ನು ತಡೆಯಲೆಂದೇ ಹಲವು ಸಂರಕ್ಷಣಾ ಸಂಸ್ಥೆಗಳು ಕೂಡಿ 2004ರಲ್ಲಿ ಸಂರಕ್ಷಣಾ ಕಾರ್ಯದ ಮುಕ್ತ ಮಾನದಂಡಗಳೆಂಬ ಕ್ರಮವನ್ನು ಪ್ರಕಟಿಸಿದವು. ಇದಕ್ಕೂ ಐದು ಮೆಟ್ಟಿಲುಗಳಿವೆ. ಹರ್ಬಾರ್ಟನ ಪಂಚಪದಿಯನ್ನು ಬಾಯಿಪಾಠ ಮಾಡಿದವರಿಗೆ ನಗು ಬಂದೀತು. ಸ್ಥಿತಿಯನ್ನರಿಯುವುದು, ಯೋಜಿಸುವುದು, ಮಾಡುವುದು, ಫಲವನ್ನು ಪರಿಶೀಲಿಸಿ ತಿದ್ದುವುದು, ಕಲಿತುದನ್ನು ಹಂಚುವುದು. ಕೊನೆಯ ಮೆಟ್ಟಿಲಿನಿಂದ ಪುನಃ ಮೊದಲಿಗೆ ಬರಬೇಕು.

ಇವುಗಳಲ್ಲಿ ಮೊದಲನೆಯದೇ ಹೆಚ್ಚು ಕಷ್ಟದ್ದು. ಯಾವ ಜೀವಿ, ಯಾವ ನೆಲ ಎಂದು ಗೊತ್ತುಪಡಿಸಿದ ಮೇಲೆ ಅದಕ್ಕಿರುವ ಅಪಾಯಗಳನ್ನು ತೂಗಬೇಕು. ಪ್ರತಿ ಅಪಾಯಕ್ಕೂ ಮೂರು ಪ್ರಶ್ನೆ: ಎಷ್ಟು ದೂರ ಹಬ್ಬಿದೆ? ಎಷ್ಟು ಆಳವಾಗಿ ಪೆಟ್ಟು ಕೊಡುತ್ತದೆ? ಕೆಟ್ಟುದನ್ನು ಮತ್ತೆ ಸರಿಪಡಿಸಲು ಬರುತ್ತದೆಯೆ? ವಿದ್ಯುತ್ತಂತಿಯನ್ನು ನೋಡಿರಿ. ಎರೆಭೂತದ ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ನೋಟ ಕಿರಿದು. ಮೈ ಭಾರವಾದುದರಿಂದ ಕೊನೆಯ ಗಳಿಗೆಯಲ್ಲಿ ತಿರುಗಲಾರದು. ತಂತಿಗೆ ಬಡಿದ ಹಕ್ಕಿ ಉಳಿಯುವುದು ವಿರಳ. ಮೇಯುವ ಹಿಂಡನ್ನು ತಡೆದವರು ತಂತಿಯನ್ನು ಮರೆತರೆ ತೂಕ ತಪ್ಪಿದಂತೆಯೇ. ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ರಾಜಸ್ಥಾನ, ಗುಜರಾತಗಳ ನೆಲೆಗಳಲ್ಲಿ ತಂತಿಗಳನ್ನು ಭೂಗತಗೊಳಿಸಲು ಆಜ್ಞಾಪಿಸಿತು. 2024ರಲ್ಲಿ ಆ ಆಜ್ಞೆಯನ್ನು ಮಾರ್ಪಡಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಸೂರ್ಯಶಕ್ತಿಯೂ ಬೇಕು, ಹಕ್ಕಿಯೂ ಬೇಕು ಎಂಬಲ್ಲಿ ತಕ್ಕಡಿ ಸುಲಭವಾಗಿ ನಿಲ್ಲದು.

ಎರಡನೆಯ ಮೆಟ್ಟಿಲಿನಲ್ಲಿ ಕಾರ್ಯದಿಂದ ಫಲದವರೆಗಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬರೆಯತಕ್ಕದ್ದು. ‘ಹಕ್ಕಿ ಉಳಿಯಬೇಕು’ ಎಂಬುದು ಹಾರೈಕೆಯೇ ಹೊರತು ಗುರಿಯಲ್ಲ. ಮಳೆಗಾಲದ ಸಂತಾನಸಮಯದಲ್ಲಿ ಇಂಥ ಮಾಳವನ್ನು ಮೇಯಿಸದೆ ಬಿಟ್ಟರೆ ಮೊಟ್ಟೆ ತುಳಿತಕ್ಕೆ ಸಿಗದು. ಮೊಟ್ಟೆ ಉಳಿದರೆ ಮರಿ. ಮರಿ ಬೆಳೆದರೆ ಇಷ್ಟು ವರ್ಷಗಳಲ್ಲಿ ಇಷ್ಟು ಹಕ್ಕಿ. ಬರೆದೊಡನೆ ಸಡಿಲಾದ ಕೊಂಡಿ ಕಣ್ಣಿಗೆ ಬೀಳುತ್ತದೆ. ಆ ಮೂರು ತಿಂಗಳು ಕುರುಬರ ಕುರಿಗಳಿಗೆ ಮೇವೆಲ್ಲಿ? ಇದಕ್ಕೆ ಉತ್ತರ ಬರೆಯದ ಯೋಜನೆ ಕುರುಬರೊಡನೆ ಜಗಳದಲ್ಲಿ ಮುಗಿಯುತ್ತದೆ. ಆದುದರಿಂದ ಯೋಜನೆಯ ಕೂಟದಲ್ಲಿ ಅರಣ್ಯಾಧಿಕಾರಿ, ವಿಜ್ಞಾನಿಗಳ ಜೊತೆ ಕುರುಬನೂ ಮೊದಲ ದಿನದಿಂದಲೇ ಕುಳಿತಿರಬೇಕು. ಮುಗಿದ ಮೇಲೆ ಕರೆದು ಸಹಿ ಹಾಕಿಸಿಕೊಳ್ಳುವುದಲ್ಲ.

ಇನ್ನೊಂದು ಮಾತನ್ನೂ ಮೊದಲೇ ಬರೆದಿಡಬೇಕು: ಯಾವ ಚಿಹ್ನೆ ಕಂಡರೆ ನಮ್ಮ ಎಣಿಕೆ ತಪ್ಪೆಂದು ಒಪ್ಪುವೆವು? ಎರಡು ಮಳೆಗಾಲ ಮಾಳ ಮುಚ್ಚಿಯೂ ಒಂದು ಮರಿ ಕಾಣದಿದ್ದರೆ ಮೂರನೆಯ ವರ್ಷವೂ ಅದನ್ನೇ ಮಾಡುವುದೋ, ನಾಯಿಗಳ ಕಡೆ ತಿರುಗುವುದೋ? ಇದನ್ನು ಬರೆಯದವರು ಸೋತರೂ ಸೋತೆವೆಂದು ಅರಿಯರು. ಜೈಸಲ್ಮೇರದ ಸಮ್‌ನಲ್ಲಿ 2019ರಿಂದ ಮಾಳದ ಮೊಟ್ಟೆಗಳನ್ನು ತಂದು ಕೃತಕ ಕಾವಿನಲ್ಲಿ ಮರಿ ಮಾಡಿಸುತ್ತಿರುವುದು ಒಳ್ಳೆಯ ಕೆಲಸವೇ. 2024ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯಾಯಿತು. ಆದರೆ ಆ ಮರಿಗಳನ್ನು ಬಿಡುವುದು ಯಾವ ಮಾಳಕ್ಕೆ ಎಂಬ ಪ್ರಶ್ನೆ ಸರಪಳಿಯ ಕೊನೆಯ ಕೊಂಡಿಯಲ್ಲಿ ಕಾದಿದೆ.

ನಮ್ಮ ಶಾಲೆಯಲ್ಲಿ ಈಗ ಸಸಿಗಳನ್ನು ಆವರಣದೊಳಗೆ ಮಾತ್ರ ನೆಡುತ್ತೇವೆ. ಎಂಟನೆಯ ತರಗತಿಯ ಮಕ್ಕಳು ವಾರಕ್ಕೊಮ್ಮೆ ಗಾಯರಾಣಕ್ಕೆ ಹೋಗಿ ಹುಲ್ಲಿನ ಎತ್ತರ, ಮೇಯುವ ಹಿಂಡು, ನಾಯಿ, ನರಿ, ನೆಲಹಕ್ಕಿಗಳು ಇವನ್ನು ಒಂದು ನೋಂದಣಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಎರೆಭೂತಕ್ಕೂ ಒಂದು ಅಂಕಣವಿದೆ. ಅದರಲ್ಲಿ ಇದುವರೆಗೆ ಸೊನ್ನೆಯೇ. ಇಂಥ ಪುಸ್ತಕವನ್ನು ತಮ್ಮ ಶಾಲೆಗಳಲ್ಲಿ ಇಡಬಯಸುವ ಶಿಕ್ಷಕ ಬಂಧುಗಳಿಗೆ ಅದರ ಮಾದರಿಯನ್ನು ಸಂಘದ ಮೂಲಕ ಕಳುಹಿಸಿಕೊಡುವೆವು.