ಹೆಸರು ಕಳೆದುಕೊಂಡು ಬರುವ ಹಾಡುಗಳು

ಸಂಗೀತವು ಮನೆಗೆ ಬರುವ ದಾರಿ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಗ್ರಾಮಫೋನಿನ ತಟ್ಟೆ, ಆಕಾಶವಾಣಿ, ಕ್ಯಾಸೆಟ್ಟು, ಸಿ.ಡಿ. ಇವುಗಳ ತರುವಾಯ ಈಗ ಅಂತರ್ಜಾಲದಿಂದ ಹಾಡನ್ನು ಮೊಬೈಲಿಗೆ ಡೌನ್‌ಲೋಡ್ ಮಾಡಿಕೊಳ್ಳುವ ಅನುಕೂಲ ಒದಗಿದೆ. ತೊಂಬತ್ತು ವರ್ಷಗಳ ಹಿಂದಿನ ಧ್ವನಿಮುದ್ರಿಕೆಯೂ ಅರೆನಿಮಿಷದಲ್ಲಿ ಕೈಸೇರುತ್ತದೆ. ಆದರೆ ಹಾಗೆ ಕೈಸೇರಿದ ಹಾಡಿನ ವಿಷಯವಾಗಿ ನಾವು ಪರಸ್ಪರ ಆಡುವ ಮಾತು ಮಾತ್ರ ದಿನೇ ದಿನೇ ಸಣ್ಣದಾಗುತ್ತಿದೆ. ಹಾಡು ಮುಗಿಯುವ ಮೊದಲೇ ಹೆಬ್ಬೆರಳಿನ ಚಿತ್ರವೊಂದನ್ನು ಕಳುಹಿಸಿ, ಮತ್ತೆ ಹತ್ತು ಮಂದಿಗೆ ದಾಟಿಸಿಬಿಡುತ್ತೇವೆ. ಕೇಳಿದೆವೋ ಇಲ್ಲವೋ ಎಂಬುದು ಬೇರೆ ಮಾತು!

ಕೈಯಿಂದ ಕೈಗೆ ದಾಟುವ ಹಾಡು ಅನೇಕ ವೇಳೆ ತನ್ನ ಹೆಸರನ್ನೇ ಕಳೆದುಕೊಂಡು ಬರುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದಾಗ, ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಷ್ಟೆ. ಇಂದಿನ ಹಾಡಿನ ಕಡತದೊಳಗೆ ಗಾಯಕರ ಹೆಸರು, ವರ್ಷಗಳನ್ನು ಬರೆದಿಡಲು ಸ್ಥಳವೇನೋ ಇದೆ, ಬರೆಯುವವರು ವಿರಳ.

ಗಂಗೂಬಾಯಿ ಹಾನಗಲ್ಲರ ಆರಂಭದ ಮುದ್ರಿಕೆಗಳನ್ನು ನೋಡಿರಿ. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಯು ಅವುಗಳಲ್ಲಿ ಕೆಲವನ್ನು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರತಂದಿತು. ನಾಡೆಲ್ಲ ಬಲ್ಲ ಆ ಗಂಭೀರವಾದ, ಗಂಡುದನಿಯಂತಹ ಕಂಠ ಅವುಗಳಲ್ಲಿಲ್ಲ. ಇರುವುದು ತೆಳುವಾದ, ಎತ್ತರದ ದನಿ. ಗಂಟಲಿನ ಬೇನೆಗೆ ಚಿಕಿತ್ಸೆ ಪಡೆದ ಮೇಲೆ ಅವರ ದನಿ ತಗ್ಗಿತು. ಇಂತಹ ಮುದ್ರಿಕೆಯೊಂದನ್ನು ನಮ್ಮ ಮನೆಮಂದಿಗೆ ಹೆಸರು ಹೇಳದೆ ಕೇಳಿಸಿದೆವು. ಹಿರಿಯರು ಯಾರೋ ಮರಾಠಿ ರಂಗಭೂಮಿಯ ನಟಿಯಿರಬೇಕೆಂದರು. ಕಾಲೇಜಿನ ಮಕ್ಕಳು, ಇಷ್ಟು ವೇಗದ ತಾನು ಇಷ್ಟು ಸ್ವಚ್ಛವಾಗಿರುವುದು ಹೇಗೆಂದು ಬೆರಗಾದರು. ಹೆಸರು ತಿಳಿಸಿದ ಮೇಲೆ ಹಿರಿಯರು ಒಪ್ಪಲೇ ಇಲ್ಲ. ಮೂರು ನಿಮಿಷದ ಹಾಡನ್ನು ಮತ್ತೆ ಮೂರು ಸಲ ಹಚ್ಚಬೇಕಾಯಿತು. ನಮ್ಮ ಮನೆಯಲ್ಲಿ ಸಂಗೀತದ ಬಗ್ಗೆ ಅಷ್ಟು ಹೊತ್ತು ಮಾತು ನಡೆದು ಬಹಳ ದಿನಗಳಾಗಿದ್ದವು.

ಹಿರಿಯರ ಸಂಶಯಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲೇ ಮುದ್ರಿತವಾದವುಗಳಲ್ಲ. ನಕಲು ತೆಗೆಯುವವರು ಶೇಕಡಾ 6ರಷ್ಟು ವೇಗ ಹೆಚ್ಚಿಸಿದರೂ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಕರಿ ಎರಡರಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಕೇಳಿಸುತ್ತದೆ, ಲಯವೂ ಅಷ್ಟೇ ಚುರುಕಾಗುತ್ತದೆ. ತಟ್ಟೆಯ ಕರಕರ ಸದ್ದನ್ನು ತೆಗೆಯಹೋಗಿ ದನಿಯ ಮೊನಚನ್ನೂ ತೆಗೆದವರುಂಟು. ಮೇಲಾಗಿ 128 ಕಿಲೋಬಿಟ್ಟಿನ ಎಂ.ಪಿ.3 ಕಡತವು ಸಿ.ಡಿ.ಯ ಗಾತ್ರದ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಕಂಠದ ಬಗ್ಗೆ ತೀರ್ಪು ಕೊಡುವ ಮುನ್ನ ಇನ್ನೊಂದು ನಕಲನ್ನು ಹುಡುಕಿ ತಾಳೆ ನೋಡುವುದು ಯೋಗ್ಯ.

ಹಕ್ಕಿನ ಮಾತನ್ನೂ ಹೇಳಬೇಕು. ನಮ್ಮ ದೇಶದ ಕಾನೂನಿನಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ‘ಗಾಂಧಾರಿ’ಯ ತಟ್ಟೆಗಳಿಗೆ ಆ ಅವಧಿ ಎಂದೋ ಕಳೆದಿದೆ. ನಿನ್ನೆ ಮೊನ್ನೆಯ ಹಾಡಿಗೆ ಕಳೆದಿಲ್ಲ. ಅದನ್ನು ಅಧಿಕೃತ ಮೂಲದಿಂದಲೇ ಪಡೆಯತಕ್ಕದ್ದು.

ಹಿರಿಯರಲ್ಲೂ ನಮ್ಮದೊಂದು ವಿನಂತಿ. ಮಕ್ಕಳು ಇಳಿಸಿಕೊಂಡ ಹಾಡನ್ನು ಹತ್ತು ಕ್ಷಣ ಕೇಳಿ ‘ಬರೀ ಗದ್ದಲ’ ಎನ್ನುವುದು, ಮಕ್ಕಳು ಹತ್ತು ಕ್ಷಣಕ್ಕೆ ಹೆಬ್ಬೆರಳು ತೋರಿಸುವುದಕ್ಕಿಂತ ಮೇಲಾದ ವಿಮರ್ಶೆಯೇನಲ್ಲ. ಬರುವ ರವಿವಾರಕ್ಕೆ ನಾವು ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಪುಟ್ಟ ಮುದ್ರಿಕೆಯೊಂದನ್ನೂ ಅವರ ಇಳಿವಯಸ್ಸಿನ ದೀರ್ಘ ಗಾಯನವೊಂದನ್ನೂ ಜೊತೆಯಾಗಿ ಕೇಳಬೇಕೆಂದು ಇಳಿಸಿಟ್ಟುಕೊಂಡಿದ್ದೇವೆ. ಎರಡರ ನಡುವೆ ತಾನು ತಂದ ಸಿನಿಮಾ ಹಾಡನ್ನು ಎಲ್ಲರೂ ಕೊನೆತನಕ ಕೇಳಲೇಬೇಕೆಂದು ಮನೆಯ ಕಿರಿಯಳು ಕರಾರು ಹಾಕಿದ್ದಾಳೆ, ಹಿರಿಯರು ಒಪ್ಪಿದ್ದಾರೆ.