ಅಥೆಂಟಿಕೇಟರ್ ಆ್ಯಪ್: ಖಾತೆಗೆ ಎರಡನೆಯ ಬೀಗ ಹಾಕುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರ್ ಒಬ್ಬರಿಂದ, ಎಲ್. ಏಜಿ.)

ಖಜಾನೆಯ ಭದ್ರಕೋಣೆಗೆ ಎರಡು ಬೀಗಗಳನ್ನು ಹಾಕುವ ಪದ್ಧತಿಯನ್ನು ಗ್ರಾಮದ ಹಿರಿಯರು ಬಲ್ಲರು. ಒಂದರ ಬೀಗದ ಕೈ ಒಬ್ಬ ಅಧಿಕಾರಿಯ ವಶದಲ್ಲಿಯೂ ಇನ್ನೊಂದರದು ಮತ್ತೊಬ್ಬರ ವಶದಲ್ಲಿಯೂ ಇರುವುದರಿಂದ, ಒಂದು ಕೈ ಕಳುವಾದ ಮಾತ್ರಕ್ಕೆ ಹಣಕ್ಕೆ ಹಾನಿ ಬಾರದು. ಇದೇ ನ್ಯಾಯವನ್ನು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನಾವು ಇಟ್ಟಿರುವ ಖಾತೆಗಳಿಗೆ ಅನ್ವಯಿಸುವ ಕ್ರಮವೊಂದುಂಟು. ಅದನ್ನು ಜಮೀನುದಾರರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಇದರ ಅವಶ್ಯಕತೆ

ಅಬ್ಬಿಗೆರೆ, ಚಿಕ್ಕಬಾಣಾವರ, ಶೆಟ್ಟಿಹಳ್ಳಿಗಳ ಸುತ್ತಮುತ್ತ ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಗಳು ಬಹುಮಟ್ಟಿಗೆ ನಿವೇಶನಗಳಾಗಿವೆ. ಉಳಿದಿರುವ ಒಂದೊಂದು ಗುಂಟೆಗೂ ಹೆಚ್ಚಿನ ಬೆಲೆಯುಂಟು. ಇತ್ತ ದಾಖಲೆಗಳೂ ಕಾಗದದಿಂದ ಕಂಪ್ಯೂಟರಿಗೆ ಸೇರಿವೆ. ಪಹಣಿಯು ಸುಮಾರು 2000ನೆಯ ಇಸವಿಯಿಂದೀಚೆಗೆ ‘ಭೂಮಿ’ ಯೋಜನೆಯ ಮೂಲಕ ದೊರೆಯುತ್ತಿದೆ. 2023ರಲ್ಲಿ ‘ಕಾವೇರಿ 2.0’ ಜಾರಿಗೆ ಬಂದಂದಿನಿಂದ ಋಣಭಾರ ಪತ್ರದ ಅರ್ಜಿಯನ್ನೂ ನೋಂದಣಿಯ ಪೂರ್ವಸಿದ್ಧತೆಯನ್ನೂ ಮನೆಯಿಂದಲೇ ಮಾಡಬಹುದಾಗಿದೆ. ಇಂಥ ಕೆಲಸಗಳಿಗೆಲ್ಲ ನಮ್ಮ ಮೊಬೈಲ್ ಸಂಖ್ಯೆಯೂ ಇ-ಮೇಲ್ ವಿಳಾಸವೂ ಆಧಾರವಾಗಿರುವುವು.

ಇಲ್ಲಿ ಒಂದಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಯಾವುದಾದರೊಂದು ಖಾತೆಯ ಪಾಸ್‌ವರ್ಡ್ ಮರೆತುಹೋದರೆ, ಹೊಸದನ್ನು ಪಡೆಯುವ ದಾರಿ ಸಾಮಾನ್ಯವಾಗಿ ಇ-ಮೇಲಿಗೇ ಬರುವುದು. ಆದಕಾರಣ ಇ-ಮೇಲ್ ಖಾತೆಯು ಉಳಿದ ಬೀಗದ ಕೈಗಳನ್ನೆಲ್ಲ ಇಟ್ಟ ಪೆಟ್ಟಿಗೆಯಿದ್ದಂತೆ. ಅದು ಪರರ ವಶವಾದರೆ ಮಿಕ್ಕವು ಒಂದೊಂದಾಗಿ ವಶವಾಗಲು ಹೆಚ್ಚು ಕಾಲ ಬೇಕಾಗದು. ಎರಡನೆಯ ಬೀಗವನ್ನು ಮೊದಲು ಇಲ್ಲಿಗೇ ಹಾಕುವುದು ಯುಕ್ತ.

ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಸಂದೇಶವಾಗಿ ಬರುವ ಓಟಿಪಿ ಸಾಲದೇ ಎಂದು ಕೆಲವರು ಕೇಳುವರು. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಆದರೆ ಆ ಸಂದೇಶವು ಸಿಮ್ ಕಾರ್ಡನ್ನು ಹಿಂಬಾಲಿಸುವುದು. ವಂಚಕನು ನಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದರೆ ಓಟಿಪಿ ಅವನಿಗೇ ತಲಪುವುದು. ಬೆರಳಚ್ಚನ್ನಾದರೂ ನಂಬಿ ನಿಶ್ಚಿಂತರಾಗಿರುವಂತಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರು, ದಸ್ತಾವೇಜಿನಲ್ಲಿದ್ದ ಬೆರಳಚ್ಚೂ ಆಧಾರ್ ಸಂಖ್ಯೆಯೂ ದುರುಪಯೋಗವಾಗಿ ಬ್ಯಾಂಕಿನ ಹಣ ಹೋಯಿತೆಂದು ದೂರಿತ್ತರು. ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವುಂಟು. ಅದನ್ನೂ ಉಪಯೋಗಿಸಿಕೊಳ್ಳುವುದೊಳ್ಳೆಯದು.

ಕೆಲಸ ಮಾಡುವ ಬಗೆ

ಅಥೆಂಟಿಕೇಟರ್ ಎಂಬುದು ಮೊಬೈಲಿನಲ್ಲಿಟ್ಟುಕೊಳ್ಳುವ ಒಂದು ಆ್ಯಪ್. ಗೂಗಲ್, ಮೈಕ್ರೋಸಾಫ್ಟ್ ಮುಂತಾದವರು ಇದನ್ನು ಉಚಿತವಾಗಿ ಒದಗಿಸಿದ್ದಾರೆ. ಅಳವಡಿಸುವ ದಿನ ಒಂದು ಗುಟ್ಟಿನ ಸಂಕೇತವು ನಮ್ಮ ಮೊಬೈಲಿಗೂ ಖಾತೆಯವರ ಕಂಪ್ಯೂಟರಿಗೂ ಸಮಾನವಾಗಿ ಹಂಚಿಕೆಯಾಗುವುದು. ಅನಂತರ ಎರಡೂ ಕಡೆಯವರು ಆ ಸಂಕೇತವನ್ನೂ ಗಡಿಯಾರದ ವೇಳೆಯನ್ನೂ ಸೇರಿಸಿ ಲೆಕ್ಕಹಾಕಿ, ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ 6 ಅಂಕೆಯ ಹೊಸ ಸಂಖ್ಯೆಯನ್ನು ಪಡೆಯುವರು. ಎರಡೂ ತಾಳೆಯಾದರೆ ಬಾಗಿಲು ತೆರೆಯುವುದು. ಸಂಖ್ಯೆಯು ಮೊಬೈಲಿನೊಳಗೇ ಹುಟ್ಟುವುದರಿಂದ ಸಿಗ್ನಲ್ ಇಲ್ಲದ ತೋಟದಲ್ಲಿಯೂ ಆ್ಯಪ್ ಅದನ್ನು ತೋರಿಸುವುದು. ಆದರೆ ಮೊಬೈಲಿನ ಗಡಿಯಾರ ತಪ್ಪಿದ್ದರೆ ತಾಳೆಯಾಗದು. ವೇಳೆಯನ್ನು ತಾನಾಗಿಯೇ ಸರಿಪಡಿಸಿಕೊಳ್ಳುವಂತೆ ಇಡತಕ್ಕದ್ದು.

ಅಳವಡಿಸುವ ಕ್ರಮ (ಗೂಗಲ್ ಖಾತೆಗೆ)

1. ಪ್ಲೇ ಸ್ಟೋರಿನಿಂದ ಮಾತ್ರವೇ ಆ್ಯಪನ್ನು ಪಡೆಯಿರಿ. ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದುದನ್ನು ಎಂದಿಗೂ ಹಾಕಿಕೊಳ್ಳಬೇಡಿರಿ.

2. ಗೂಗಲ್ ಖಾತೆಯಲ್ಲಿ ‘ಸೆಕ್ಯುರಿಟಿ’ ಎಂಬಲ್ಲಿ ‘2-ಸ್ಟೆಪ್ ವೆರಿಫಿಕೇಶನ್’ ಅನ್ನು ತೆರೆದು, ‘ಅಥೆಂಟಿಕೇಟರ್’ ಎಂಬುದನ್ನು ಆರಿಸಿರಿ. ಚೌಕುಳಿಯಾಕಾರದ ಕ್ಯೂಆರ್ ಚಿತ್ರವೊಂದು ಕಾಣುವುದು.

3. ಆ್ಯಪಿನಲ್ಲಿ ಕೂಡಿಸುವ ಗುರುತನ್ನು ಒತ್ತಿ ಆ ಚಿತ್ರಕ್ಕೆ ಕ್ಯಾಮೆರಾ ಹಿಡಿಯಿರಿ. ಎರಡೂ ಕೆಲಸ ಒಂದೇ ಮೊಬೈಲಿನಲ್ಲಿ ನಡೆಯುತ್ತಿದ್ದರೆ ಕ್ಯಾಮೆರಾ ಹಿಡಿಯಲಾಗದು. ಆಗ ಚಿತ್ರದ ಬದಲು ಕೊಡುವ ಅಕ್ಷರಗಳ ಸಾಲನ್ನು ನಕಲುಮಾಡಿ ಆ್ಯಪಿನಲ್ಲಿ ಸೇರಿಸಿರಿ.

4. ಆ್ಯಪ್ ತೋರಿಸುವ 6 ಅಂಕೆಗಳನ್ನು ಖಾತೆಯಲ್ಲಿ ಬರೆದು ಒಪ್ಪಿಸಿರಿ. 2-ಸ್ಟೆಪ್ ಚಾಲೂ ಆಗಿದೆಯೇ ಎಂಬುದನ್ನು ನೋಡಿಕೊಳ್ಳಿರಿ.

5. ‘ಬ್ಯಾಕಪ್ ಕೋಡ್ಸ್’ ಎಂಬಲ್ಲಿ 10 ಸಂಖ್ಯೆಗಳು ದೊರೆಯುವುವು. ಪ್ರತಿಯೊಂದೂ ಒಂದು ಬಾರಿಗೆ ಮಾತ್ರ ಸಲ್ಲುವುದು. ಇವನ್ನು ಕಾಗದದ ಮೇಲೆ ಬರೆದು ಕ್ರಯಪತ್ರಗಳೊಡನೆ ಬೀರುವಿನಲ್ಲಿಡಿರಿ.

ಈ ಐದನೆಯ ಅಂಶವನ್ನು ಉಪೇಕ್ಷಿಸಿದರೆ ಆಗುವ ಕಷ್ಟವನ್ನು ಈ ಲೇಖಕನು ಸ್ವತಃ ಅನುಭವಿಸಿದ್ದಾನೆ. ಹಳೆಯ ಮೊಬೈಲನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದ ದಿನ, ಸಂಕೇತಗಳು ಹಳೆಯದರೊಡನೆಯೇ ಹೋದುವೆಂಬುದು ರಾತ್ರಿ ತಿಳಿಯಿತು. ಕಳ್ಳನಿಗಾಗಿ ಹಾಕಿದ ಬೀಗವು ಮನೆಯೊಡೆಯನನ್ನೇ ಹೊರಗೆ ನಿಲ್ಲಿಸಿತು. ಮನೆಯಾಕೆಯು ಟ್ರಂಕಿನ ತಳದಲ್ಲಿ ಜೋಪಾನವಾಗಿಟ್ಟಿದ್ದ ಚೀಟಿಯೊಂದು ಸಿಕ್ಕಿದುದರಿಂದ ಮಾತ್ರ ಖಾತೆ ಉಳಿಯಿತು. ಮೊಬೈಲ್ ಬದಲಿಸುವವರು ಮೊದಲು ಸಂಕೇತಗಳನ್ನು ಹೊಸದಕ್ಕೆ ಸಾಗಿಸಿ, ಕೆಲಸ ಮಾಡುವುದೇ ಎಂದು ಪರೀಕ್ಷಿಸಿ, ಆಮೇಲೆ ಹಳೆಯದನ್ನು ಕೈಬಿಡತಕ್ಕದ್ದು. 2023ರಿಂದ ಗೂಗಲ್ ಆ್ಯಪಿನ ಸಂಕೇತಗಳನ್ನು ಗೂಗಲ್ ಖಾತೆಯಲ್ಲಿಯೇ ಕಾದಿಡುವ ಅನುಕೂಲವಿದೆ. ಆದರೆ ಅದೇ ಖಾತೆಗೆ ಬೀಗ ಬಿದ್ದಾಗ ಇದೊಂದನ್ನೇ ನಂಬಿದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆ ಮುಚ್ಚಿದಂತಾದೀತು. ಆದುದರಿಂದ ಚೀಟಿ ಇರಲೇಬೇಕು.

ಎಚ್ಚರಿಕೆ

ಈ ಬೀಗಕ್ಕೂ ಒಂದು ದೌರ್ಬಲ್ಯವುಂಟು. ಬ್ಯಾಂಕಿನವನೆಂದೋ ಇಲಾಖೆಯವನೆಂದೋ ಹೇಳಿಕೊಂಡು ಕರೆಮಾಡಿದವನಿಗೆ ಆ 6 ಅಂಕೆಗಳನ್ನು ನಾವೇ ಓದಿ ಹೇಳಿದರೆ, 30 ಸೆಕೆಂಡುಗಳೇ ಅವನಿಗೆ ಸಾಕು. ನಕಲಿ ಜಾಲತಾಣದಲ್ಲಿ ಬರೆದರೂ ಫಲ ಅದೇ. ಸಂಖ್ಯೆಯನ್ನು ಯಾರಿಗೂ ಹೇಳತಕ್ಕದ್ದಲ್ಲ. ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡತಕ್ಕದ್ದು.

ಎಲ್ಲ ಜಾಲತಾಣಗಳಲ್ಲಿಯೂ ಅಥೆಂಟಿಕೇಟರಿನ ಸೌಕರ್ಯವಿಲ್ಲ. ಅಲ್ಲಿ ಓಟಿಪಿಯನ್ನೇ ಅವಲಂಬಿಸಬೇಕಾಗುವುದು. ಇ-ಮೇಲನ್ನು ಭದ್ರಪಡಿಸಲು ಇದು ಮತ್ತೊಂದು ಕಾರಣ.

ಗ್ರಾಮದ ಮುಖಂಡರಲ್ಲಿ ಒಂದು ಮಾತು. ಓದುಬರಹ ಬಾರದ ವೃದ್ಧರೂ ಒಂಟಿ ಹೆಂಗಸರೂ ತಮ್ಮ ಮೊಬೈಲನ್ನೂ ಪಾಸ್‌ವರ್ಡನ್ನೂ ಪರಿಚಿತರ ಕೈಗೋ ದಲ್ಲಾಳಿಯ ಕೈಗೋ ಒಪ್ಪಿಸಿ ಬಿಡುವುದುಂಟು. ಎರಡು ಬೀಗಗಳ ಕೈಗಳೂ ಒಬ್ಬನಲ್ಲೇ ಸೇರಿದರೆ ಎರಡು ಬೀಗವಿದ್ದೂ ಫಲವಿಲ್ಲ. ತಾವು ಮೊದಲು ತಮ್ಮ ಖಾತೆಗೆ ಇದನ್ನು ಮಾಡಿಕೊಂಡು, ಅನಂತರ ಅಂಥವರ ಮನೆಯಲ್ಲಿಯೇ ಕುಳಿತು ಅವರ ಮೊಬೈಲಿನಲ್ಲಿ ಮಾಡಿಸಿಕೊಟ್ಟು, ಚೀಟಿಯನ್ನು ಅವರ ಪೆಟ್ಟಿಗೆಯಲ್ಲಿಯೇ ಇಡಿಸಿ ಬರಬೇಕೆಂದು ಕೋರಲಾಗಿದೆ. ಅರ್ಧ ಗಂಟೆಯ ಈ ಕೆಲಸದಿಂದ ಒಂದು ಸಂಸಾರದ ಜಮೀನಿನ ದಾಖಲೆಗಳಿಗೆ ಭದ್ರತೆ ಹೆಚ್ಚುವುದು.